ಮೊಂತಿ ಹಬ್ಬದ ಹೊಸಕ್ಕಿ: ಅಮ್ಮ ಇಲ್ಲದ ಮೊದಲ ವರ್ಷ, ಹೇಗೆ ಮಾಡಲಿ?

ಪ್ರಶ್ನೆ: ಬಂಟ್ವಾಳದವಳು, ಈಗ ಬೆಂಗಳೂರು

ಸೆಪ್ಟೆಂಬರ್ 8, ಮಾತೆ ಮರಿಯಮ್ಮ ಹುಟ್ಟಿದ ದಿನ. ನಮ್ಮ ಕೊಂಕಣಿ ಕ್ರೈಸ್ತರಿಗೆ ಮೊಂತಿ ಹಬ್ಬ. ನಾನು ಊರಿಗೆ ಹೋಗಲಾಗದ ವರ್ಷಗಳಲ್ಲಿ ಅಮ್ಮ ಇಗರ್ಜಿಯಿಂದ (ಚರ್ಚಿನಿಂದ) ತಂದ ಭತ್ತದ ತೆನೆಯಿಂದ ಏಳು ಕಾಳು ಬಿಡಿಸಿ, ಹಳೇ ಕ್ಯಾಲೆಂಡರ್ ಹಾಳೆಯಲ್ಲಿ ಮಡಚಿ ಅಂಚೆಗೆ ಹಾಕುತ್ತಿದ್ದರು. ನಾನು ಅದನ್ನು ಸುಲಿದು ಸುಮ್ನೆ ಹಾಲಿಗೆ ಹಾಕಿ ಕುಡಿಯುತ್ತಿದ್ದೆ.

ಫೆಬ್ರವರಿಯಲ್ಲಿ ಅಮ್ಮ ತೀರಿಕೊಂಡರು. ಆಗಸ್ಟ್ 30ರಿಂದ ಮಕ್ಕಳು ದಿನಾ ಇಲ್ಲಿನ ಇಗರ್ಜಿಗೆ ಹೂ ಒಯ್ಯುತ್ತಿದ್ದಾರೆ. ಹಬ್ಬದ ದಿನ ಇಲ್ಲೂ ತೆನೆ ಕೊಡುತ್ತಾರೆ. ಆದರೆ ಮನೆಯಲ್ಲಿ ನೊವೆಂ, ಅಂದರೆ ಹೊಸಕ್ಕಿ ಊಟ, ಮಾಡುವ ಕ್ರಮವನ್ನು ಅಮ್ಮನ ಹತ್ತಿರ ಕೇಳಿಟ್ಟುಕೊಳ್ಳಲೇ ಇಲ್ಲ. ಸಾವಾದ ವರ್ಷ ಮಾಡಬಹುದಾ?

ಉತ್ತರ: ಕಾರ್ಕಳದ ಅಜ್ಜಿ

ಖಂಡಿತ ಮಾಡು ಮಗಳೇ. ನೆಂಟರನ್ನು ಕರೆಯುವುದು ಬೇಡ, ಅಷ್ಟೇ. ಹೊಸ ಬೆಳೆಗೆ ದೇವರಿಗೆ ವಂದನೆ ಹೇಳುವುದನ್ನು ಯಾಕೆ ಬಿಡಬೇಕು?

ತೆನೆಯನ್ನು ಮೊದಲು ಮನೆಯ ಆಲ್ತಾರಿನ (ದೇವರ ಪೀಠದ) ಮುಂದೆ ಇಡು. ಮೇಣದಬತ್ತಿ ಹಚ್ಚಿ ಎಲ್ಲರೂ ಪ್ರಾರ್ಥನೆ ಮಾಡಿ. ಆಮೇಲೆ ಕಾಳು ಸುಲಿ. ಎಳೆಯದಾದರೆ ಉಗುರಿನಲ್ಲೇ ಸಿಪ್ಪೆ ಬಿಡುತ್ತದೆ, ಒಳಗೆ ಹಾಲು ಹಾಲು ಇರುತ್ತದೆ. ಕಲ್ಲಿನಲ್ಲಿ ಅರೆದು ತೆಂಗಿನ ಹಾಲು, ಬೆಲ್ಲಕ್ಕೆ ಸೇರಿಸು. ಗಟ್ಟಿ ಹಾಲು ಹಾಕಿದ ಮೇಲೆ ಕುದಿಸಬೇಡ, ಒಡೆಯುತ್ತದೆ. ಕಾಳಿನ ಲೆಕ್ಕ ನಮ್ಮಲ್ಲಿ ಯಾರೂ ನೋಡಿದವರಲ್ಲ. ಮನೆಯ ಹಿರಿಯರು ಎಲ್ಲರಿಗೂ ಸ್ವಲ್ಪ ಸ್ವಲ್ಪ ಕೊಡಬೇಕು, ಆಮೇಲೆ ಊಟ. ನಿಮ್ಮ ಮನೆಯಲ್ಲಿ ಈಗ ಹಿರಿಯಳು ನೀನೇ ಅಲ್ವಾ?

ಮೀನು, ಮಾಂಸ ಆ ದಿನ ಇಲ್ಲ. ಬಾಳೆ ಎಲೆಯಲ್ಲಿ ತರಕಾರಿ ಪಲ್ಯಗಳು ಮೂರೋ, ಐದೋ, ಏಳೋ, ಬೆಸ ಲೆಕ್ಕದಲ್ಲಿ. ಹರಿವೆ, ಬೆಂಡೆ, ಹಾಗಲ ಅಲ್ಲೂ ಸಿಗುತ್ತದೆ. ಕೆಸುವಿನ ದಂಟು ಸಿಕ್ಕಿದರೆ ಬಿಡಬೇಡ, ಅದಿಲ್ಲದೆ ನನಗೆ ಮೊಂತಿ ಹಬ್ಬ ಅನ್ನಿಸುವುದೇ ಇಲ್ಲ.

ಉತ್ತರ: ಪುತ್ತೂರಿನ ಕೃಷಿಕ

ನಾವು ಹಿಂದೂಗಳು. ನಮ್ಮಲ್ಲೂ ಹೊಸ ತೆನೆ ಮನೆಗೆ ತಂದು, ಬಾಗಿಲಿಗೆ ಕಟ್ಟಿ, ಹೊಸಕ್ಕಿ ಊಟ ಮಾಡುತ್ತೇವೆ. ಪಕ್ಕದ ಮನೆಯವರು ಇಗರ್ಜಿಗೆ ಒಯ್ಯುವ ತೆನೆ ನಮ್ಮ ಗದ್ದೆಯದ್ದೇ. ಬೆಳಗ್ಗೆ ಇಬ್ಬನಿ ಆರುವ ಮೊದಲೇ ಕೊಯ್ದು ಕೊಡುತ್ತೇನೆ. ಮೊಂತಿ ಅಂದರೆ ಏನು ಅಂತ ನನ್ನ ಮಗಳು ಕೇಳುತ್ತಿದ್ದಾಳೆ, ಹೇಳುತ್ತೀರಾ?

ಬಂಟ್ವಾಳದವಳು

ಅಣ್ಣಾ, ನೇತ್ರಾವತಿ ದಡದ ಫರಂಗಿಪೇಟೆಯಲ್ಲಿ ಮೊಂತೆ ಮರಿಯಾನೊ ಅಂತ ಹಳೇ ಇಗರ್ಜಿ ಇದೆ. ಮೊಂತೆ ಅಂದರೆ ಪೋರ್ಚುಗೀಸ್ ಮಾತಿನಲ್ಲಿ ಗುಡ್ಡ. ಹಬ್ಬದ ಹೆಸರು ಅಲ್ಲಿಂದ ಬಂದದ್ದು.

ಅಜ್ಜೀ, ಹಿರಿಯಳು ನೀನೇ ಅಂದಿರಲ್ಲ, ಅದನ್ನು ಓದಿ ಸ್ವಲ್ಪ ಹೊತ್ತು ಅತ್ತೆ. ಐದು ಪಲ್ಯ ಮಾಡುತ್ತೇನೆ. ತಂಗಿ ಕುವೈತಿನಲ್ಲಿದ್ದಾಳೆ. ಅವಳ ಪಾಲಿನ ಏಳು ಕಾಳು ಈ ಸಲ ನಾನು ಕಳಿಸುತ್ತೇನೆ, ಕ್ಯಾಲೆಂಡರ್ ಹಾಳೆಯಲ್ಲೇ ಮಡಚಿ.