ಹೆಡ್‌ಲೈನ್ ಇಟ್ಕೊಂಡು ಗುಂಪು ಚಟುವಟಿಕೆ: ಮಾಡ್ಸಿ ನೋಡಿದವರು ಅನುಭವ ಹೇಳ್ತೀರಾ?

ಎಂಟು-ಒಂಬತ್ತನೇ ಕ್ಲಾಸ್ ಮಕ್ಕಳಿಗೆ ಸುದ್ದಿ ಹೇಗೆ ಓದ್ಬೇಕು ಅಂತ ಹೇಳ್ಕೊಡ್ಬೇಕು. ಪಾಠ ಮಾಡಿದ್ರೆ ಕೇಳಲ್ಲ, ಅದಕ್ಕೆ ಗುಂಪು ಮಾಡಿ ಏನಾದ್ರೂ ಮಾಡ್ಸೋಣ ಅಂತಿದೀನಿ. ಯಾವ ಹೆಡ್‌ಲೈನ್ ನಿಜ, ಯಾವ್ದು ಸುಳ್ಳು ಅಂತ ವಿಂಗಡಿಸೋ ಆಟ ಸಾಕಾಗುತ್ತಾ?

ಉತ್ತರ

ಮೇಡಂ, ದಯವಿಟ್ಟು ಅದರಿಂದ ಶುರು ಮಾಡ್ಬೇಡಿ. ಬರೀ ಹೆಡ್‌ಲೈನ್ ನೋಡಿ ನಿಜಾನೋ ಸುಳ್ಳೋ ಅಂತ ದೊಡ್ಡವರಿಗೂ ಗೊತ್ತಾಗಲ್ಲ, ಮಕ್ಕಳು ಊಹೆ ಮಾಡ್ತಾರೆ, ಊಹೆ ಸರಿಹೋದ್ರೆ ನಂಗೆ ಕಂಡುಹಿಡಿಯೋಕೆ ಬರುತ್ತೆ ಅಂದ್ಕೊಂಡ್ಬಿಡ್ತಾರೆ.

ನಾನು ಮಾಡ್ಸೋದು ಉಲ್ಟಾ. ಹೆಡ್‌ಲೈನ್ ಕತ್ತರಿಸಿ ತೆಗೆದು ಸುದ್ದಿ ಮಾತ್ರ ಕೊಡ್ತೀನಿ, ಗುಂಪಿಗೆ ನಾಲ್ಕೈದು ಜನ, ಪ್ರತಿ ಗುಂಪಿಗೂ ಒಂದು ಚೀಟಿ, ಅದರಲ್ಲಿ ಹೇಳಿರೋ ಥರ ಹೊಸ ಹೆಡ್‌ಲೈನ್ ಅವರೇ ಬರೀಬೇಕು. ಒಂದು ಗುಂಪಿಗೆ ‘ಓದಿದವರು ಹೆದರ್ಬೇಕು’, ಇನ್ನೊಂದಕ್ಕೆ ‘ಕ್ಲಿಕ್ ಮಾಡ್ದೆ ಇರೋಕಾಗಬಾರ್ದು’, ಮತ್ತೊಂದಕ್ಕೆ ‘ಸುದ್ದಿಲಿ ಇರೋಷ್ಟೇ ಹೇಳ್ಬೇಕು’. ಸುಳ್ಳು ಬರೆಯೋ ಹಾಗಿಲ್ಲ, ಇದೊಂದೇ ರೂಲು. ಎಲ್ಲಾನೂ ಬೋರ್ಡ್ ಮೇಲೆ ಬರೆಸಿದಾಗ ಸುಳ್ಳೇ ಹೇಳ್ದೆ ಎಷ್ಟು ದಾರಿ ತಪ್ಪಿಸಬಹುದು ಅನ್ನೋದು ಅವರ ಬರವಣಿಗೆಯಲ್ಲೇ ಕಾಣುತ್ತೆ.

ಇದಕ್ಕೆ ನನ್ನ ಮೆಚ್ಚಿನ ಸುದ್ದಿ 2015ರದ್ದು. ಸಂಸ್ಕರಿಸಿದ ಮಾಂಸ (ಸಾಸೇಜ್, ಬೇಕನ್ ಥರದ್ದು) ಕ್ಯಾನ್ಸರ್ ತರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಹೇಳ್ತು, ಅದನ್ನ ಹಾಕಿದ ಪಟ್ಟಿಯಲ್ಲೇ ತಂಬಾಕೂ ಇತ್ತು, ಅಷ್ಟಕ್ಕೇ ‘ಸಿಗರೇಟಿನಷ್ಟೇ ಅಪಾಯ’ ಅನ್ನೋ ಥರದ ಹೆಡ್‌ಲೈನ್‌ಗಳು ಬಂದ್ವು. ಆದ್ರೆ ಆ ಪಟ್ಟಿ ಹೇಳೋದು ಸಾಕ್ಷ್ಯ ಎಷ್ಟು ಗಟ್ಟಿ ಅಂತ, ಅಪಾಯ ಎಷ್ಟು ದೊಡ್ಡದು ಅಂತಲ್ಲ. ದಿನಾ 50 ಗ್ರಾಂ ತಿಂದ್ರೆ ದೊಡ್ಡ ಕರುಳಿನ ಕ್ಯಾನ್ಸರ್ ಅಪಾಯ ಸುಮಾರು 18% ಜಾಸ್ತಿ ಅಂತಲೂ ವರದಿಲಿತ್ತು. ಇಲ್ಲಿ ನಿಲ್ಲಿಸಿ ‘ಯಾವುದರ 18%?’ ಅಂತ ಕೇಳಿ. ನೂರು ಜನರಲ್ಲಿ 5 ಜನರಿಗೆ ಬರ್ತಿತ್ತು ಅಂದ್ಕೊಂಡ್ರೆ ಅದು 6ರ ಹತ್ರ ಹೋಗುತ್ತೆ, 23 ಆಗಲ್ಲ. ಈ ಲೆಕ್ಕ ಮಕ್ಕಳೇ ಹಾಕ್ಲಿ, ಟೈಮ್ ಹೋದ್ರೂ ಪರವಾಗಿಲ್ಲ, ಉತ್ತರ ಮಾತ್ರ ನೀವು ಹೇಳ್ಬೇಡಿ.

ಇನ್ನೊಬ್ಬರು

ಮೇಲಿನ ಸರ್ ಹೇಳಿದ್ದು ಸರಿ, ಜೊತೆಗೆ ಇದನ್ನೂ ಹೇಳಿ: ಪತ್ರಿಕೆಗಳಲ್ಲಿ ಹೆಡ್‌ಲೈನ್ ಕೊಡೋದು ಸಾಮಾನ್ಯವಾಗಿ ವರದಿಗಾರರಲ್ಲ, ಡೆಸ್ಕ್‌ನಲ್ಲಿರೋ ಉಪಸಂಪಾದಕರು. ಅವರಿಗೆ ಜಾಗ ಕಮ್ಮಿ, ಟೈಮೂ ಕಮ್ಮಿ. ಇದು ಗೊತ್ತಾದ್ರೆ ಹೆಡ್‌ಲೈನೂ ಸುದ್ದಿನೂ ಯಾಕೆ ಒಂದಕ್ಕೊಂದು ತಾಳೆ ಆಗಲ್ಲ ಅನ್ನೋದು ಅರ್ಥ ಆಗುತ್ತೆ.

1948ರಲ್ಲಿ ಅಮೆರಿಕದ ಅಧ್ಯಕ್ಷ ಚುನಾವಣೆ ಗೆದ್ದ ಟ್ರೂಮನ್, ತಾನೇ ಸೋತೆ ಅಂತ ಅಚ್ಚಾಗಿರೋ ‘ಶಿಕಾಗೋ ಡೈಲಿ ಟ್ರಿಬ್ಯೂನ್’ ಎತ್ತಿ ಹಿಡಿದು ನಗ್ತಿರೋ ಫೋಟೋ ಇದೆ. ಏನೂ ವಿವರಿಸದೆ ಗುಂಪುಗಳಿಗೆ ತೋರಿಸಿ, ಹೇಗೆ ಹೀಗಾಯ್ತು ಅಂತ ಮೊದ್ಲು ಅವರೇ ವಾದ ಮಾಡ್ಲಿ. ಆಮೇಲೆ ಹೇಳಿ, ಮುದ್ರಣ ಕಾರ್ಮಿಕರ ಮುಷ್ಕರ ಇತ್ತು, ಪೇಪರ್ ಬೇಗ ಅಚ್ಚಿಗೆ ಹೋಗ್ಬೇಕಿತ್ತು, ಎಣಿಕೆ ಮುಗಿಯೋಕೆ ಮುಂಚೆ ಅಂದಾಜಿನ ಮೇಲೆ ಹಾಕ್ಬಿಟ್ರು. ಬೇಕಂತ ಹೇಳೋ ಸುಳ್ಳು ಬೇರೆ, ಆತುರದ ತಪ್ಪು ಬೇರೆ. ಮಕ್ಕಳಿಗೆ ಈ ವ್ಯತ್ಯಾಸ ತಿಳೀಲೇಬೇಕು.

ಮತ್ತೊಬ್ಬರು

ನನಗೆ ಕಾಡೋ ವಿಷಯ ಬೇರೆ. ಬರೀ ಕೆಟ್ಟ ಹೆಡ್‌ಲೈನ್‌ಗಳನ್ನೇ ತೋರಿಸ್ತಾ ಹೋದ್ರೆ ಮಕ್ಕಳು ‘ಪೇಪರ್‌ನೋರೆಲ್ಲಾ ಸುಳ್ಳೇ ಬರೀತಾರೆ’ ಅನ್ನೋ ತೀರ್ಮಾನಕ್ಕೆ ಬರ್ತಾರೆ, ಎಲ್ಲಾನೂ ನಂಬೋದಕ್ಕಿಂತ ಇದೇನೂ ವಾಸಿಯಲ್ಲ. ಅದಕ್ಕೆ ಚೆನ್ನಾಗಿರೋ ಹೆಡ್‌ಲೈನ್‌ಗಳನ್ನೂ ಅಷ್ಟೇ ಸಂಖ್ಯೆಲಿ ಸೇರಿಸಿ, ಇದು ಯಾಕೆ ಚೆನ್ನಾಗಿದೆ ಅಂತ ಗುಂಪು ವಿವರಿಸ್ಲಿ. ಮೊಬೈಲೋ ಕಂಪ್ಯೂಟರೋ ಇದ್ರೆ ಅದೇ ಸುದ್ದಿನ ಬೇರೆ ಕಡೆ ಹುಡುಕೋಕೆ ಹೇಳಿ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ನೋಡಿದಾಗ ವೃತ್ತಿಪರ ಫ್ಯಾಕ್ಟ್‌ಚೆಕ್ (ಸುದ್ದಿ ನಿಜಾನಾ ಅಂತ ಪರಿಶೀಲನೆ) ಮಾಡೋರು ಗೊತ್ತಿಲ್ಲದ ಸೈಟ್‌ನಲ್ಲೇ ಕೂತು ಓದ್ತಿರಲಿಲ್ಲ, ತಕ್ಷಣ ಬೇರೆ ಟ್ಯಾಬ್ ತೆಗೆದು ಆ ಸೈಟ್‌ನ ಬಗ್ಗೆ ಬೇರೆಯವರು ಏನಂತಾರೆ ಅಂತ ನೋಡ್ತಿದ್ರು.

ಪಕ್ಷ ರಾಜಕೀಯದ ಸುದ್ದಿ ಮಾತ್ರ ಶುರುನಲ್ಲೇ ತರ್ಬೇಡಿ, ಮಕ್ಕಳು ಮನೇಲಿ ಕೇಳಿದ್ದನ್ನೇ ವಾದ ಮಾಡ್ತಾರೆ, ಹೆಡ್‌ಲೈನ್ ಕಡೆ ಯಾರೂ ನೋಡಲ್ಲ. ಆರೋಗ್ಯ, ಹವಾಮಾನ, ಕ್ರೀಡೆಯಿಂದ ಶುರು ಮಾಡಿ, ಕೈ ಪಳಗಿದ ಮೇಲೆ ಅಲ್ಲಿಗೆ ಹೋಗಿ.