ಸಹಾಯ ಬೇಕು: ಹಳೆಯ ಕಬ್ ವಿಮಾನದ ರೇಡಿಯೋದಲ್ಲಿ ಕರಕರ ಸದ್ದು

ನಮಸ್ಕಾರ. ನಾನು ಅಮೆರಿಕದ ಓಹಾಯೋದಲ್ಲಿದ್ದೇನೆ. ನನ್ನ ಹತ್ತಿರ 1946ರ ಪೈಪರ್ ಜೆ-3 ಕಬ್ ಇದೆ, 65 ಅಶ್ವಶಕ್ತಿಯ ಕಾಂಟಿನೆಂಟಲ್ ಎಂಜಿನ್. ಇದರಲ್ಲಿ ಜನರೇಟರ್ ಇಲ್ಲ, ಸ್ಟಾರ್ಟರ್ ಕೂಡ ಇಲ್ಲ. ಪ್ರೊಪೆಲರನ್ನು ಕೈಯಲ್ಲೇ ತಿರುಗಿಸಿ ಎಂಜಿನ್ ಶುರು ಮಾಡಬೇಕು. ಪ್ರಾಣಕ್ಕಿಂತ ಹೆಚ್ಚು ಜೋಪಾನ ಮಾಡ್ತೀನಿ.

ಎಂಜಿನ್ ಓಡುವಾಗ ಕೈಯಲ್ಲಿ ಹಿಡಿಯುವ ರೇಡಿಯೋದಲ್ಲಿ ಜೋರಾಗಿ ಕರಕರ ಸದ್ದು. ಬೇರೆಯವರ ಮಾತು ಕೇಳೋದೇ ಇಲ್ಲ. ಎಂಜಿನ್ ನಿಲ್ಲಿಸಿದರೆ ಸದ್ದೂ ನಿಲ್ಲುತ್ತದೆ. ಹೊಸ ಬ್ಯಾಟರಿ, ಹೊರಗಿನ ಆಂಟೆನಾ, ಬೇರೆ ಹೆಡ್‌ಸೆಟ್ ಎಲ್ಲಾ ಹಾಕಿ ನೋಡಿದೆ. ಎಡ, ಬಲ ಯಾವ ಮ್ಯಾಗ್ನೆಟೋದಲ್ಲಿ (ಸ್ಪಾರ್ಕ್ ಪ್ಲಗ್‌ಗಳಿಗೆ ಕಿಡಿಯ ವಿದ್ಯುತ್ ಕೊಡುವ ಸಾಧನ) ಓಡಿಸಿದರೂ ಅಷ್ಟೇ.

ಸ್ಪಾರ್ಕ್ ಪ್ಲಗ್ ವೈರುಗಳಿಗೆ ಶೀಲ್ಡಿಂಗ್ (ರೇಡಿಯೋಗೆ ಅಡಚಣೆ ಆಗದಂತೆ ತಡೆಯುವ ಲೋಹದ ಹೊದಿಕೆ) ಇಲ್ಲ. ಬರೀ ವೈರು ಬದಲಿಸಿದರೆ ಸಾಕಾ, ಅಥವಾ ಎಂಟೂ ಪ್ಲಗ್‌ಗಳನ್ನು ಶೀಲ್ಡ್ ಇರುವಂಥದ್ದಕ್ಕೆ ಬದಲಿಸಲೇಬೇಕಾ? ಮಾಡಿಸಿದವರು ದಯವಿಟ್ಟು ಹೇಳಿ.