ಮಿತ್ಸುಬಿಷಿ ಜಿ4ಎಂ: ತಪ್ಪು ವಿಮಾನದ್ದಾ, ಕೇಳಿದವರದ್ದಾ?

ಹಾರುಹಕ್ಕಿ: ಎರಡನೇ ಮಹಾಯುದ್ಧದ ಜಪಾನ್ ನೌಕಾಪಡೆಯ ಜಿ4ಎಂ ಬಾಂಬರ್ ಅಂದರೆ ಸಾಕು, 'ಗುಂಡು ತಾಗಿದರೆ ಹೊತ್ತಿಕೊಳ್ಳುವ ವಿಮಾನ' ಅಂತ ಎಲ್ಲರೂ ಒಂದೇ ಮಾತಲ್ಲಿ ಮುಗಿಸುತ್ತಾರೆ. ಇದು ಅನ್ಯಾಯ. 1937ರಲ್ಲಿ ನೌಕಾಪಡೆ ಕೇಳಿದ್ದೇನು? ಎರಡೇ ಎಂಜಿನ್, ಹಡಗು ಒಡೆಯಲು ನೀರೊಳಗೆ ಸಾಗುವ 800 ಕಿಲೋ ಟಾರ್ಪಿಡೊ, ಅದನ್ನು ಹೊತ್ತು 3,700 ಕಿ.ಮೀ. ಹಾರಾಟ. ವಿನ್ಯಾಸಕಾರ ಹೊಂಜೊ ಕಿರೊ ನಾಲ್ಕು ಎಂಜಿನ್ ಇರಲಿ ಅಂದರು. ನೌಕಾಪಡೆ ಒಪ್ಪಲಿಲ್ಲ.

ಮಲ್ಲಿಕಾ ಎಸ್: ಒಪ್ಪಲಿಲ್ಲ, ಸರಿ. ಆದರೆ ರೆಕ್ಕೆಯನ್ನೇ ಪೆಟ್ರೋಲ್ ಟ್ಯಾಂಕ್ ಮಾಡಿದ್ದು ಯಾರು? ಒಳಗೆ ಬೇರೆ ಟ್ಯಾಂಕ್ ಇರಲಿಲ್ಲ, ರೆಕ್ಕೆಯ ತಗಡೇ ಟ್ಯಾಂಕಿನ ಗೋಡೆ. ತೂತು ಬಿದ್ದರೆ ಮುಚ್ಚಿಕೊಳ್ಳುವ ರಬ್ಬರ್ ಪದರವೂ ಇಲ್ಲ. ಪೆಟ್ರೋಲ್ ಸೋರುತ್ತದೆ, ಬೆಂಕಿಯ ಗುಂಡು ಇನ್ನೊಂದು ಬಂದರೆ ಮುಗೀತು. 1942ರ ಫೆಬ್ರವರಿ 20ರಂದು ನ್ಯೂ ಗಿನಿ ಬಳಿಯ ಜಪಾನಿ ನೆಲೆ ರಬೌಲ್‌ನಿಂದ ಅಮೆರಿಕದ ವಿಮಾನವಾಹಕ ಹಡಗು ಲೆಕ್ಸಿಂಗ್ಟನ್ ಮೇಲೆ 17 ವಿಮಾನ ಹೋದವು. 15 ಹಾಳಾದವು. ಒಂದೊಂದರಲ್ಲೂ ಸುಮಾರು ಏಳು ಜನ!

ಸಾಗರ್ ವಿ: ಆ ದಿನ ಅವುಗಳ ಜೊತೆ ಫೈಟರ್ ಒಂದೂ ಇರಲಿಲ್ಲ, ಅದನ್ನೂ ಹೇಳಿ. ಎರಡು ತಿಂಗಳ ಹಿಂದೆ, 1941ರ ಡಿಸೆಂಬರ್ 10ರಂದು, ಮಲಯಾ ಕರಾವಳಿಯಲ್ಲಿ ಬ್ರಿಟಿಷರ ಯುದ್ಧನೌಕೆಗಳಾದ ಪ್ರಿನ್ಸ್ ಆಫ್ ವೇಲ್ಸ್ ಮತ್ತು ರಿಪಲ್ಸ್ ಮುಳುಗಿದ್ದು ಇದೇ ಜಿ4ಎಂ ಮತ್ತು ಅದಕ್ಕೂ ಹಳೆಯ ಜಿ3ಎಂ ಬಾಂಬರ್‌ಗಳಿಂದ. ಕಳಕೊಂಡದ್ದು ಮೂರೇ ವಿಮಾನ. ಆ ಹಡಗುಗಳ ಮೇಲೆ ಕಾವಲಿಗೆ ಫೈಟರ್ ಇರಲಿಲ್ಲ. ಟ್ಯಾಂಕ್ ಅದೇ, ಫಲಿತಾಂಶ ಬೇರೆ.

ಮಲ್ಲಿಕಾ ಎಸ್: ಎದುರಾಳಿ ಇಲ್ಲದಿದ್ದರೆ ಯಾವ ವಿಮಾನವಾದರೂ ಗೆಲ್ಲುತ್ತದೆ, ಸಾಗರ್ ಅವರೇ. ಯುದ್ಧಕ್ಕೆ ಅಂತ ಕಟ್ಟಿದ ಮೇಲೆ ಏಟು ತಿಂದರೂ ವಾಪಸ್ ಬರಬೇಕಲ್ವಾ?

ಹಾರುಹಕ್ಕಿ: ಬರಬೇಕು. ಅದು ಬೇಕು ಅಂತ ಕೇಳಬೇಕಾದವರು ಯಾರು, ಅದೇ ನನ್ನ ಪ್ರಶ್ನೆ. ಅದಕ್ಕೂ ಮೊದಲು ಚೀನಾ ಜೊತೆಗಿನ ಯುದ್ಧದಲ್ಲಿ ಜಿ3ಎಂಗಳು ಸಾಲಾಗಿ ಬಿದ್ದದ್ದನ್ನು ನೌಕಾಪಡೆ ಕಣ್ಣಾರೆ ಕಂಡಿತ್ತು. ಆಗ ಏನು ಮಾಡಿದರು? ಜಿ4ಎಂಗೇ ಬಂದೂಕು ಜಾಸ್ತಿ ಕೂರಿಸಿ ಜಿ6ಎಂ ಅನ್ನೋ ಬೆಂಗಾವಲು ವಿಮಾನ ಮಾಡಿಸಿದರು. ಬಾಂಬ್ ಹಾಕಿ ಹಗುರಾದ ಬಾಂಬರ್‌ಗಳ ಜೊತೆ ಓಡೋಕೆ ಅದಕ್ಕೆ ಆಗಲಿಲ್ಲ. 30 ಕಟ್ಟಿ ನಿಲ್ಲಿಸಿದರು. ಇದರಲ್ಲಿ ಜಿ4ಎಂ ಬಾಂಬರ್ ಬರೋದು ತಡವಾಯಿತು.

ದೇವಿಕಾ: ಕೊನೆಯ ವರ್ಷ ನೋಡಿದರೆ ನನಗಂತೂ ಸಿಟ್ಟೇ ಬರುತ್ತದೆ. ಓಕಾ ಅನ್ನೋ ಆತ್ಮಾಹುತಿ ವಿಮಾನದ ತೂಕ 2,000 ಕಿಲೋಗೂ ಮೇಲೆ. ಅದನ್ನು ಈ ವಿಮಾನದ ಹೊಟ್ಟೆಗೆ ಕಟ್ಟಿದರು. 1945ರ ಮಾರ್ಚ್ 21ರಂದು 18 ಜಿ4ಎಂ ಹೊರಟವು. ಒಂದೂ ಹಿಂದಿರುಗಲಿಲ್ಲ. ಓಕಾ ಒಂದೂ ಹಡಗು ಮುಟ್ಟಲಿಲ್ಲ. ಈ ಸಾವುಗಳನ್ನೂ ಟ್ಯಾಂಕಿನ ಲೆಕ್ಕಕ್ಕೆ ಬರೆಯೋಕಾಗುತ್ತಾ?

ಮಲ್ಲಿಕಾ ಎಸ್: ಇಲ್ಲ ದೇವಿಕಾ, ಅದು ಆದೇಶ ಕೊಟ್ಟವರ ಲೆಕ್ಕಕ್ಕೇ. ಆದರೆ ದೂರ ಕಡಿಮೆಯಾದರೂ ಪರವಾಗಿಲ್ಲ ಅಂದಿದ್ದರೆ ರಕ್ಷಣೆ ಕೊಡಬಹುದಿತ್ತು. ಕೊನೆಗೆ ಕೊಟ್ಟರು ಕೂಡ: ರೆಕ್ಕೆ ಬದಲಿಸಿ, ಸೋರಿಕೆ ತಡೆಯುವ ಟ್ಯಾಂಕ್ ಹಾಕಿದ ಜಿ4ಎಂ3. ಕಟ್ಟಿದ ಸುಮಾರು 2,400ರಲ್ಲಿ ಅಂಥವು 60ರ ಆಸುಪಾಸು, ಅಷ್ಟೇ.